ಬೆಟ್ಟ ಹತ್ತುವ ಕಾರು ಬಯಲಲ್ಲಿ ಯಾಕೆ ಎಡವುತ್ತೆ?

ಬಹಳ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಬರೆಯೋಕೆ ಏನೂ ಇರಲಿಲ್ಲ ಅಂತಲ್ಲ, ಕೈಯೆಲ್ಲ ಗ್ರೀಸ್ ಆಗಿತ್ತು :-) ಈಗ ಕೈ ತೊಳೆದುಕೊಂಡು ಕೂತಿದ್ದೀನಿ. ಆದರೆ ಸಿಟ್ಟು ಮಾತ್ರ ಯಾವ ಸೋಪಿಗೂ ಹೋಗ್ತಾ ಇಲ್ಲ. ಅದಕ್ಕೇ ಇವತ್ತು ನಿಮ್ಮ ತಲೆ ತಿನ್ನೋಣ ಅಂತ.

ವಿಷಯ ಇಷ್ಟೇ. ಹಳೇ ಕಾರೊಂದು ಆಕ್ಸಿಲರೇಟರ್ ಒತ್ತಿದಾಗ ಒಂದು ಗುಕ್ಕು ನುಂಗಿದ ಹಾಗೆ ತಡವರಿಸಿದರೆ ಸಾಕು, ನೋಡಿದವರೆಲ್ಲ ಒಂದೇ ಮಾತು ಹೇಳ್ತಾರೆ. "ಕಾರ್ಬೊರೇಟರ್ ಹೋಗಿದೆ, ಬದಲಾಯಿಸಿ." ಬಾನೆಟ್ ಎತ್ತುವುದಕ್ಕೂ ಮೊದಲೇ ತೀರ್ಪು ಬಂದಿರುತ್ತೆ. ನನ್ನ ವಾದ ಏನಂದ್ರೆ, ಇವತ್ತು ಹಳೇ ಕಾರುಗಳು ಸಾಯ್ತಾ ಇರೋದು ವಯಸ್ಸಾಗಿ ಅಲ್ಲ, ಪಾರ್ಟ್ಸ್ ಸಿಗದೆಯೂ ಅಲ್ಲ. ಏನು ಕೆಟ್ಟಿದೆ ಅಂತ ಹುಡುಕುವ ಕೆಲಸಕ್ಕೆ ನಾವು ಮೂರು ಕಾಸಿನ ಬೆಲೆ ಕೊಡದೆ ಇರೋದ್ರಿಂದ. ಇದರಲ್ಲಿ ಮೆಕ್ಯಾನಿಕ್ಕುಗಳ ತಪ್ಪು ಅರ್ಧ. ಉಳಿದರ್ಧ ನಮ್ಮದು, ಅಂದರೆ ದುಡ್ಡು ಕೊಡುವವರದ್ದು. ನನ್ನದಂತೂ ಖಂಡಿತಾ ಇದೆ. ಮುಂದೆ ಹೇಳ್ತೀನಿ.

ಕಾರಿನ ಬಗ್ಗೆ ಎರಡು ಮಾತು. ನಮ್ಮದು ದೇವನಹಳ್ಳಿ ತಾಲ್ಲೂಕಿನ ನಲ್ಲೂರು. ಹುಣಸೆ ತೋಪಿನ ನಲ್ಲೂರು ಅಂದ್ರೆ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಾಗುತ್ತೆ. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆ ಆದ ತೋಪು ಅದು. ನಮ್ಮ ದೊಡ್ಡಪ್ಪನ ಹತ್ತಿರ 1952ರ ಒಂದು ಡಾಜ್ ಕಿಂಗ್ಸ್‌ವೇ ಇತ್ತು. ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್‌ನವರು 1947ರಿಂದ ಅಮೆರಿಕದ ಕ್ರೈಸ್ಲರ್ ಕಂಪನಿಯ ಕಾರುಗಳನ್ನು ಇಲ್ಲೇ ಜೋಡಿಸಿ ಮಾರುತ್ತಿದ್ದರಲ್ಲ, ಆ ಪೈಕಿಯದು. ಹೆಚ್ಚುಕಮ್ಮಿ ಅದೇ ಕಾರಿಗೆ ಮುಂದೆ ಬೇರೆ ಜಾಲರಿ ಕೂರಿಸಿ ಪ್ಲಿಮತ್ ಅಂತಲೂ ಡಿಸೋಟೊ ಅಂತಲೂ ಮಾರುತ್ತಿದ್ದರು. ಆರು ಸಿಲಿಂಡರ್, ಸುಮಾರು 3.6 ಲೀಟರಿನ ಇಂಜಿನ್. ಮಾರುತಿ 800 ಕಾರಿನದು 796 ಸಿಸಿ. ಅಂದರೆ ಇದರ ಹೊಟ್ಟೆಯೊಳಗೆ ನಾಲ್ಕೂವರೆ ಮಾರುತಿ ಕೂರಿಸಬಹುದು! ಇಷ್ಟು ದೊಡ್ಡ ಇಂಜಿನ್ನಿಗೆ ಇರೋದು ಒಂದೇ ಒಂದು ಬಾಯಿಯ ಕಾರ್ಟರ್ ಕಾರ್ಬೊರೇಟರ್. ಬ್ಯಾಟರಿ ಆರೇ ವೋಲ್ಟು.

ಊರಲ್ಲಿ ಎಷ್ಟೋ ಜನ ಮದುಮಕ್ಕಳು ಅದರಲ್ಲಿ ಕೂತು ಮನೆ ತುಂಬಿದ್ದಾರೆ. ನನ್ನ ಅಕ್ಕನೂ ಅದರಲ್ಲೇ ಗಂಡನ ಮನೆಗೆ ಹೋಗಿದ್ದು. ದೊಡ್ಡಪ್ಪ ಹೋದ ಮೇಲೆ ಅದು ದನದ ಕೊಟ್ಟಿಗೆಯ ಪಕ್ಕ ಟಾರ್ಪಾಲು ಹೊದ್ದು ನಿಂತಿತ್ತು. ಎರಡು ವರ್ಷದ ಹಿಂದೆ ನಾನೂ ದೊಡ್ಡಪ್ಪನ ಮಗನೂ, ಅಂದರೆ ನಮ್ಮಣ್ಣನೂ, ಸೇರಿ ಅದನ್ನು ಮತ್ತೆ ಓಡಿಸಬೇಕು ಅಂತ ಹೊರಟೆವು. ಟ್ಯಾಂಕ್ ತೊಳೆಸಿದೆವು, ಬ್ರೇಕ್ ಮಾಡಿಸಿದೆವು, ರಬ್ಬರ್ ಪೈಪುಗಳನ್ನೆಲ್ಲ ಬದಲಾಯಿಸಿದೆವು. ಸ್ಟಾರ್ಟ್ ಆಯ್ತು. ಆ ದಿನ ದೊಡ್ಡಮ್ಮ ಅತ್ತುಬಿಟ್ಟರು.

ಆದರೆ ರಸ್ತೆಗೆ ಇಳಿಸಿದ ಮೇಲೆ ಕಾಯಿಲೆ ಶುರುವಾಯ್ತು. ನಿಂತಲ್ಲಿ ಸೊಗಸಾಗಿ, ಹೊಲಿಗೆ ಮಿಷಿನ್ನಿನ ಹಾಗೆ ಓಡುತ್ತೆ. ಗೇರ್ ಹಾಕಿ ಮೆತ್ತಗೆ ಆಕ್ಸಿಲರೇಟರ್ ಒತ್ತಿದರೆ.... ಗುಕ್! ಒಂದು ಕ್ಷಣ ಉಸಿರೇ ನಿಂತ ಹಾಗೆ. ಆಮೇಲೆ ಜರ್ಕ್ ಹೊಡೆದು ಮುಂದಕ್ಕೆ ಹೋಗುತ್ತೆ. ಸೂಲಿಬೆಲೆ ರಸ್ತೆಯಲ್ಲಿ ಹಿಂದೆ ಲಾರಿ ಇಟ್ಟುಕೊಂಡು ಕಾರು ಹೀಗೆ ಉಸಿರು ಹಿಡಿದರೆ ನಮ್ಮ ಉಸಿರೂ ನಿಲ್ಲುತ್ತೆ. 40ರ ವೇಗದಲ್ಲಿ ಸಮನಾಗಿ ಹೋಗುವಾಗಲೂ ನಡುನಡುವೆ ಒಂದು ಕೆಮ್ಮು.

ಸಲಹೆಗಳ ಸುರಿಮಳೆ ಆಯ್ತು. ವಾಟ್ಸಾಪ್ ಪಂಡಿತರು ಹೇಳಿದ್ದು: "ಎಥನಾಲ್ ಪೆಟ್ರೋಲು ಸಾರ್, ಹಳೇ ಕಾರುಗಳ ಕಥೆ ಮುಗೀತು." ಬೆಂಗಳೂರಿನ ಒಂದು ಗ್ಯಾರೇಜಿನವರು (ಹೆಸರು ಬೇಡ, ಇಲ್ಲಿರೋದು ಒಬ್ಬರ ತಪ್ಪಲ್ಲ) ಮೊದಲು ಕಾರ್ಬೊರೇಟರ್ ಕಿಟ್ ಹಾಕಿದರು, 6,500 ರೂಪಾಯಿ. ಗುಕ್ಕು ಹೋಗಲಿಲ್ಲ. "ಬಾಡಿನೇ ಸವೆದಿದೆ ಸಾರ್, ಹೊಸದು ತರಿಸಿ" ಅಂದರು. ಅಮೆರಿಕದಿಂದ ತರಿಸಿದ್ದಾಯ್ತು, ಸುಂಕ ಗಿಂಕ ಎಲ್ಲ ಸೇರಿ 45,000. ಗುಕ್ಕು ಹೋಗಲಿಲ್ಲ. ಕೊನೆಗೆ ಅವರ ಬ್ರಹ್ಮಾಸ್ತ್ರ ಹೊರಗೆ ಬಂತು. "ಇದಕ್ಕೊಂದು ಡೀಸೆಲ್ ಇಂಜಿನ್ ಕೂರಿಸಿಬಿಡೋಣ ಸಾರ್, ಮೈಲೇಜೂ ಬರುತ್ತೆ, ತಲೆನೋವೂ ಇರಲ್ಲ."

ಅಣ್ಣ ಸೋತಿದ್ದ. "ಲೋ, ಸಾಕು ಕಣೋ. ಡೀಸೆಲ್ ಹಾಕ್ಸೋಣ, ಇಲ್ಲಾಂದ್ರೆ ಯಾರಿಗಾದ್ರೂ ಕೊಟ್ಬಿಡೋಣ. ಅಪ್ಪನ ಕಾರು ಅಂತ ಎಷ್ಟು ಅಂತ ಸುರಿಯೋದು?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಈಗ ನನ್ನ ಪಾಪದ ಲೆಕ್ಕ. ಗ್ಯಾರೇಜಿನವರಿಗೆ ಮಾತ್ರ ಬೈದರೆ ಅನ್ಯಾಯ. ನಾನೂ ಒಂದು ವ್ಯಾಕ್ಯೂಮ್ ಗೇಜ್ ತರಿಸಿಕೊಂಡು ಪುಸ್ತಕ ಓದಿ ವಿದ್ವಾಂಸನಾಗಿದ್ದೆ. ಈ ಗೇಜನ್ನು ಇಂಜಿನ್ನಿನ ಮ್ಯಾನಿಫೋಲ್ಡಿಗೆ ಸಿಕ್ಕಿಸಿದರೆ ಇಂಜಿನ್ ಎಷ್ಟು ಜೋರಾಗಿ ಗಾಳಿ ಎಳೀತಾ ಇದೆ ಅಂತ ತೋರಿಸುತ್ತೆ. ಅಮೆರಿಕದ ಪುಸ್ತಕದಲ್ಲಿ 18ರಿಂದ 20 ಇಂಚು ಬರಬೇಕು ಅಂತ ಇತ್ತು. ನಮ್ಮದು 16 ತೋರಿಸ್ತು. ಸಿಕ್ಕಿಬಿದ್ದ ಕಳ್ಳ! ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟಲ್ಲಿ ಗಾಳಿ ಸೋರ್ತಾ ಇದೆ ಅಂತ ಘೋಷಿಸಿ, ಎರಡು ದಿನ ಒದ್ದಾಡಿ ಗ್ಯಾಸ್ಕೆಟ್ ಬದಲಾಯಿಸಿದೆ. ಮತ್ತೆ ಗೇಜ್ ಸಿಕ್ಕಿಸಿದರೆ ಅದೇ 16.

ಯಾಕೆ ಗೊತ್ತಾ? ಆ ಪುಸ್ತಕ ಬರೆದವರು ಸಮುದ್ರ ಮಟ್ಟದಲ್ಲಿ ಕೂತಿದ್ದರು. ನಾವಿರೋದು ಸುಮಾರು 900 ಮೀಟರ್ ಎತ್ತರದಲ್ಲಿ. ನಮ್ಮ ಪಕ್ಕದ ಕೆಂಪೇಗೌಡ ವಿಮಾನ ನಿಲ್ದಾಣವೇ 915 ಮೀಟರ್ ಎತ್ತರದಲ್ಲಿದೆ. ಪ್ರತಿ ಸಾವಿರ ಅಡಿಗೆ ಗೇಜು ಸುಮಾರು ಒಂದು ಇಂಚು ಕಡಿಮೆ ತೋರಿಸುತ್ತೆ. ಅಂದರೆ ನಮ್ಮಲ್ಲಿ ಮೂರು ಇಂಚು ಕಡಿಮೆಯೇ ಬರಬೇಕು. ಮುಳ್ಳು ಅಲುಗಾಡದೆ 16ರಲ್ಲಿ ನಿಂತಿದೆ ಅಂದರೆ ನಮ್ಮ ಊರಿನ ಲೆಕ್ಕಕ್ಕೆ ಇಂಜಿನ್ ಗುಂಡುಕಲ್ಲಿನ ಹಾಗಿದೆ ಅಂತ ಅರ್ಥ. ಪರೀಕ್ಷೆ ಸರಿಯಾಗಿಯೇ ಇತ್ತು, ಅದನ್ನು ಓದುವವನು ದಡ್ಡ!

ಇಲ್ಲಿ ಒಂದು ನಿಮಿಷ ನಿಲ್ಲಿಸಿ, ಈ ಗುಕ್ಕು ಯಾಕೆ ಬರುತ್ತೆ ಅಂತ ಹೇಳಿಬಿಡ್ತೀನಿ. ಆಕ್ಸಿಲರೇಟರ್ ಒತ್ತಿದ ತಕ್ಷಣ ಕಾರ್ಬೊರೇಟರಿನ ಬಾಗಿಲು ತೆರೆಯುತ್ತೆ. ಗಾಳಿ ಹಗುರ, ಥಟ್ಟನೆ ನುಗ್ಗುತ್ತೆ. ಪೆಟ್ರೋಲು ಭಾರ, ಅದು ಹಿಂದೆ ಉಳಿಯುತ್ತೆ. ಆ ಒಂದು ಕ್ಷಣ ಇಂಜಿನ್ನಿಗೆ ಸಿಗೋದು ಬರೀ ಗಾಳಿ. ದೊಡ್ಡ ಇಂಜಿನ್ನಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ. ಒಂದೊಂದು ಸಿಲಿಂಡರೂ 600 ಸಿಸಿ, ಕಾರ್ಬೊರೇಟರ್ ಇರೋದು ನಡುವೆ ಒಂದು. ಈ ತುದಿಯ ಒಂದನೇ ಸಿಲಿಂಡರಿಗೂ ಆ ತುದಿಯ ಆರನೆಯದಕ್ಕೂ ಪೆಟ್ರೋಲು ಉದ್ದ ದಾರಿ ಸವೆಸಬೇಕು, ದಾರಿಯಲ್ಲಿ ಒಂದಷ್ಟು ಕೊಳವೆಯ ಗೋಡೆಗೇ ಅಂಟಿಕೊಳ್ಳುತ್ತೆ. ಈ ಕೊರತೆ ತುಂಬೋಕೆ ಅಂತಲೇ ಕಾರ್ಬೊರೇಟರಿನೊಳಗೆ ಒಂದು ಪುಟ್ಟ ಪಂಪು ಇರುತ್ತೆ. ಒತ್ತಿದ ಕೂಡಲೇ ಒಂದು ಚಿಮ್ಮು ಪೆಟ್ರೋಲನ್ನು ಪಿಚಕಾರಿಯ ಹಾಗೆ ಹೊಡೆಯುತ್ತೆ. ಹಳೆಯವುಗಳಲ್ಲಿ ಈ ಪಂಪಿಗೆ ಚರ್ಮದ ವಾಷರ್. ಸೈಕಲ್ ಪಂಪಿನಲ್ಲಿ ಇರುತ್ತಿತ್ತಲ್ಲ, ಥೇಟ್ ಅದೇ. ಬಳಸದೆ ಇಟ್ಟರೆ ಒಣಗುತ್ತೆ, ಒಣಗಿದರೆ ಗಾಳಿ ಹಿಡಿಯಲ್ಲ. ಎಣ್ಣೆಯಲ್ಲಿ ನೆನೆಸಿ ಅಂಚು ಬಿಡಿಸಿ ಹಾಕಿದರೆ ಸರಿ. ಹಳ್ಳಿಯಲ್ಲಿ ಸೈಕಲ್ ಓಡಿಸಿದ ಯಾವ ಹುಡುಗನಿಗೂ ಇದು ಗೊತ್ತಿರುವ ವೈದ್ಯ.

ಪಂಪು ಕೆಲಸ ಮಾಡ್ತಿದೆಯಾ ಇಲ್ವಾ ಅಂತ ನೋಡೋಕೆ 45,000 ರೂಪಾಯಿ ಬೇಕಿಲ್ಲ. ಇಂಜಿನ್ ಆಫ್ ಮಾಡಿ, ಏರ್ ಕ್ಲೀನರ್ ಬಿಚ್ಚಿ, ಕೈಯಲ್ಲಿ ಲಿವರ್ ಎಳೆದು ಬಾಯೊಳಗೆ ಇಣುಕಬೇಕು. ಪೆಟ್ರೋಲು ಚಿಮ್ಮಿದರೆ ಪಂಪು ಸರಿ ಇದೆ. ಅರ್ಧ ನಿಮಿಷದ ಕೆಲಸ. (ಬೀಡಿ ಬಾಯಲ್ಲಿ ಇಟ್ಟುಕೊಂಡು ಇಣುಕಬೇಡಿ ಮತ್ತೆ!) ನಮ್ಮ ಕಾರಿನ ಹಳೇ ಕಾರ್ಬೊರೇಟರಲ್ಲಿ ಪೆಟ್ರೋಲು ಚೆನ್ನಾಗಿಯೇ ಚಿಮ್ಮುತ್ತಿತ್ತು. ಯಾರೂ ಇಣುಕಿರಲಿಲ್ಲ. ನಾನೂ ಇಣುಕಿರಲಿಲ್ಲ.

ಕೊನೆಗೆ ಇಣುಕಿದವರು ವಿಜಯಪುರದ ಕಡೆಯ ಒಬ್ಬ ಮುದುಕ ಮಿಸ್ತ್ರಿ, ನಾವೆಲ್ಲ ಸಾಬ್ರು ಅಂತಲೇ ಕರೆಯೋದು. ದೊಡ್ಡಪ್ಪನ ಕಾಲದಲ್ಲಿ ಈ ಕಾರು ಮುಟ್ಟಿದ ಕೈ. ಗ್ಯಾರೇಜ್ ಮುಚ್ಚಿ ವರ್ಷಗಳಾಗಿವೆ, ಕಣ್ಣು ಮಂಜು, ಮೊಮ್ಮಗನ ಬೈಕಿನ ಹಿಂದೆ ಕೂತು ಬಂದರು. ಬಂದವರು ಬಾನೆಟ್ ಮುಟ್ಟಲೇ ಇಲ್ಲ. ಕಲ್ಲು ಬೆಂಚಿನ ಮೇಲೆ ಕೂತು, ಕೊಟ್ಟ ಟೀ ಕುಡೀತಾ ಪ್ರಶ್ನೆ ಕೇಳೋಕೆ ಶುರು ಮಾಡಿದರು. ತಣ್ಣಗಿದ್ದಾಗ ಜಾಸ್ತಿನಾ ಬಿಸಿಯಾದ ಮೇಲೆ ಜಾಸ್ತಿನಾ? ಎರಡೂ ಒಂದೇ. ಚೋಕ್ ಸ್ವಲ್ಪ ಮುಚ್ಚಿ ಓಡಿಸಿ ನೋಡಿದ್ಯಾ? ಇಲ್ಲ. "ಮೊದಲು ಅದು ನೋಡಿ ಬಾ" ಅಂದರು. ಹೋಗಿ ನೋಡಿ ಬಂದೆ. ಏನೂ ವ್ಯತ್ಯಾಸ ಇಲ್ಲ. "ಹಂಗಾದ್ರೆ ಅದಕ್ಕೆ ಪೆಟ್ರೋಲು ಕಮ್ಮಿ ಆಗಿಲ್ಲಪ್ಪಾ" ಅಂದರು.

ಆಮೇಲೆ ಬಂತು ಅಸಲೀ ಪ್ರಶ್ನೆ. "ಬೆಟ್ಟ ಹತ್ತುತ್ತಾ?"

ಹತ್ತುತ್ತೆ. ಅದೇ ನಮಗೂ ಸೋಜಿಗ ಆಗಿತ್ತು. ಒಂದು ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ದಾರಿಯಲ್ಲಿ ಅರ್ಧ ಹತ್ತಿ ಬಂದಿದ್ದೆವು. ಏರಿನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದಾಗ ಒಂದು ಗುಕ್ಕೂ ಇರಲಿಲ್ಲ, ಒಂದು ಕೆಮ್ಮೂ ಇರಲಿಲ್ಲ, ಆನೆ ಹತ್ತಿದ ಹಾಗೆ ಹತ್ತಿತ್ತು.

ಸಾಬ್ರು ನಕ್ಕರು. "ಬೆಟ್ಟ ಹತ್ತೋ ಕಾರು ಬಯಲಲ್ಲಿ ಯಾಕಪ್ಪಾ ಎಡವುತ್ತೆ? ಪೆಟ್ರೋಲು ಸಾಲದೆ ಇದ್ರೆ ಬೆಟ್ಟದಲ್ಲೇ ಅಲ್ವಾ ಸಾಯಬೇಕು?"

ಇಷ್ಟು ಸರಳವಾದ ಪ್ರಶ್ನೆ. ಎರಡು ವರ್ಷ ನಮ್ಮ ಕಣ್ಣೆದುರಿಗೇ ಇತ್ತು. ಯಾರೂ ಕೇಳಲಿಲ್ಲ.

ಆಮೇಲೆ ಅವರು ಎದ್ದರು. ಕಾರ್ಬೊರೇಟರಿನಿಂದ ಡಿಸ್ಟ್ರಿಬ್ಯೂಟರಿಗೆ ಒಂದು ಸಣ್ಣ ಪೈಪು ಹೋಗುತ್ತೆ. ಕಾರು ಹಗುರವಾಗಿ ಓಡುವಾಗ ಇಂಜಿನ್ನಿನ ಎಳೆತ ಈ ಪೈಪಿನ ಮೂಲಕ ಹೋಗಿ ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಯನ್ನು ಸ್ವಲ್ಪ ತಿರುಗಿಸುತ್ತೆ. ಆಗ ಕಿಡಿ ಸ್ವಲ್ಪ ಮುಂಚೆ ಹೊತ್ತುತ್ತೆ, ಪೆಟ್ರೋಲು ಉಳಿಯುತ್ತೆ. ನಿಂತಲ್ಲಿ ಓಡುವಾಗ ಈ ಎಳೆತ ಅಲ್ಲಿಗೆ ತಲುಪಲ್ಲ. ಮೆತ್ತಗೆ ಒತ್ತಿದರೆ ತಲುಪುತ್ತೆ. ಪೂರ್ತಿ ತುಳಿದರೆ ಎಳೆತವೇ ಇಲ್ಲವಾಗಿ ತಟ್ಟೆ ವಾಪಸ್ ತನ್ನ ಜಾಗಕ್ಕೆ ಬರುತ್ತೆ. ಸಾಬ್ರು ಇಂಜಿನ್ ಸ್ಟಾರ್ಟ್ ಮಾಡಿಸಿ, ಆ ಪೈಪಿನ ಕಾರ್ಬೊರೇಟರ್ ಕಡೆಯ ತುದಿ ಬಿಚ್ಚಿ, ಅದಕ್ಕೊಂದು ರಬ್ಬರ್ ಟ್ಯೂಬ್ ಸಿಕ್ಕಿಸಿ, ಈ ಕಡೆಯ ತೂತಿಗೆ ಬೆರಳು ಒತ್ತಿ ಹಿಡಿದು, ಟ್ಯೂಬನ್ನು ಬಾಯಲ್ಲಿಟ್ಟು ಎಳನೀರು ಹೀರೋ ಹಾಗೆ ಹೀರಿದರು.

ಗುಕ್!

ಬಿಟ್ಟರು, ಇಂಜಿನ್ ಸರಿಹೋಯ್ತು. ಮತ್ತೆ ಹೀರಿದರು. ಗುಕ್! ನಿಂತ ಕಾರಲ್ಲಿ, ಯಾರೂ ಆಕ್ಸಿಲರೇಟರ್ ಮುಟ್ಟದೆ, ನಮ್ಮ ಎರಡು ವರ್ಷದ ದೆವ್ವ ಅವರ ಬಾಯಿಯ ಉಸಿರಿಗೆ ಕುಣೀತಾ ಇತ್ತು. ಕಾರು ಸರಿಯಿದ್ದಿದ್ದರೆ ಹೀರಿದಾಗ ಇಂಜಿನ್ ಸ್ವಲ್ಪ ಜೋರಾಗಬೇಕಿತ್ತು. ನಮ್ಮಣ್ಣ ಬಾಯಿ ಬಿಟ್ಟುಕೊಂಡು ನಿಂತಿದ್ದ.

ಡಿಸ್ಟ್ರಿಬ್ಯೂಟರಿನ ಕ್ಯಾಪ್ ತೆಗೆದು, ಮೊಮ್ಮಗನಿಗೆ ಮೊಬೈಲ್ ಟಾರ್ಚ್ ಹಿಡಿಯೋಕೆ ಹೇಳಿ, ಒಳಗಿದ್ದ ನಾಲ್ಕು ಬೆರಳುದ್ದದ ಒಂದು ವೈರನ್ನು ಉಗುರಿನಲ್ಲಿ ಎಳೆದು ತೋರಿಸಿದರು. ಪಾಯಿಂಟಿಗೆ ಕರೆಂಟು ಹೋಗುವ ವೈರು. ಮೇಲಿನ ಹೊದಿಕೆ ಚೆನ್ನಾಗಿದೆ, ಒಳಗಿನ ತಾಮ್ರದ ಎಳೆಗಳು ಮುರಿದಿವೆ. ತಟ್ಟೆ ತನ್ನ ಜಾಗದಲ್ಲಿದ್ದರೆ ಎಳೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ. ತಟ್ಟೆ ತಿರುಗಿದಾಗ ಬಿಟ್ಟುಹೋಗುತ್ತವೆ, ಕಿಡಿ ತಪ್ಪುತ್ತೆ. ತಟ್ಟೆ ತಿರುಗೋದು ಯಾವಾಗ? ಆಕ್ಸಿಲರೇಟರ್ ಮೆತ್ತಗೆ ಒತ್ತಿದಾಗ. ಹಾಗಾಗಿ ನೋಡುವವರಿಗೆಲ್ಲ ಕಾರ್ಬೊರೇಟರೇ ಕಳ್ಳನ ಹಾಗೆ ಕಾಣ್ತಾ ಇತ್ತು. ಬಡಪಾಯಿ, ಮಾಡದ ತಪ್ಪಿಗೆ ಎರಡು ಸಲ ಗಲ್ಲಿಗೇರಿತ್ತು.

ಮೆತ್ತನೆಯ, ಸಣ್ಣ ಸಣ್ಣ ಎಳೆಗಳಿರುವ ವೈರೇ ಆಗಬೇಕು, ಮನೆ ವೈರಿಂಗಿನ ತುಂಡು ಹಾಕಿದರೆ ಬಾಗಿ ಬಾಗಿ ಮತ್ತೆ ಮುರಿಯುತ್ತೆ ಅಂತ ಹೇಳಿ ಅಂಥದ್ದನ್ನೇ ತರಿಸಿ ಬೆಸುಗೆ ಹಾಕಿಸಿದರು. ವೈರಿನ ಖರ್ಚು 40 ರೂಪಾಯಿ. ಸಂಜೆ ತೋಪಿನವರೆಗೆ ಹೋಗಿ ಬಂದೆವು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ!

ಈಗ ಬರ್ತೀನಿ ನನ್ನ ಸಿಟ್ಟಿನ ಮೂಲಕ್ಕೆ. ಹೊರಡುವಾಗ ನಾನು ಸಾಬ್ರ ಕೈಗೆ ಎಷ್ಟು ಇಟ್ಟೆ ಗೊತ್ತಾ? 300 ರೂಪಾಯಿ. ಕೊಟ್ಟು, "ಸಾಕಲ್ವಾ ಸಾಬ್ರೇ?" ಅಂತ ಬೇರೆ ಕೇಳಿದೆ. ಅವರು ಏನೂ ಅನ್ನದೆ ಜೇಬಿಗೆ ಹಾಕಿಕೊಂಡರು. ರಾತ್ರಿ ಮಲಗಿದಾಗ ಲೆಕ್ಕ ತಲೆಗೆ ಹೊಳೀತು. ತಪ್ಪಾದ ಉತ್ತರಕ್ಕೆ ನಾನು 51,500 ರೂಪಾಯಿ ಚೌಕಾಸಿ ಮಾಡದೆ ಕೊಟ್ಟಿದ್ದೆ, ಯಾಕಂದ್ರೆ ಅದು ಡಬ್ಬದಲ್ಲಿ ಬಂದಿತ್ತು, ಬಿಲ್ಲು ಇತ್ತು. ಸರಿಯಾದ ಉತ್ತರಕ್ಕೆ 300. ಯಾಕಂದ್ರೆ ಅವರು "ಏನೂ ಮಾಡಲಿಲ್ಲ", ಟೀ ಕುಡಿದು ಒಂದು ವೈರು ಬದಲಾಯಿಸಿದರು ಅಷ್ಟೇ! ಮಾರನೇ ದಿನ ವಿಜಯಪುರಕ್ಕೆ ಹೋಗಿ ತಪ್ಪಾಯ್ತು ಅಂತ ಹೇಳಿ ಮರ್ಯಾದೆಯ ಮೊತ್ತ ಕೊಟ್ಟು ಬಂದೆ. ಆಗ ಅವರು ಹೇಳಿದ್ದು ನನ್ನ ಎದೆಗೆ ನಾಟಿತು. "ಪಾರ್ಟಿಗೆ ಯಾರೂ ಚೌಕಾಸಿ ಮಾಡಲ್ಲಪ್ಪಾ, ಕೈಗೆ ಮಾಡ್ತಾರೆ. ಅದಕ್ಕೇ ಮೊಮ್ಮಗ ಈ ಕೆಲಸ ಕಲೀಲಿಲ್ಲ."

ಇದೇ ನೋಡಿ ರೋಗ. ಗ್ಯಾರೇಜಿನವನಿಗೆ ಹುಡುಕಿದ್ದಕ್ಕೆ ಕಾಸಿಲ್ಲ, ಬದಲಾಯಿಸಿದ್ದಕ್ಕೆ ಕಾಸಿದೆ. ಅವನು ಬದಲಾಯಿಸದೆ ಇನ್ನೇನು ಮಾಡ್ತಾನೆ? ಅವನಿಗೂ ಬಾಡಿಗೆ ಕಟ್ಟಬೇಕು, ಹುಡುಗರಿಗೆ ಸಂಬಳ ಕೊಡಬೇಕು. ಎರಡು ಗಂಟೆ ಕೂತು ಯೋಚಿಸಿ "ಒಂದು ವೈರು ಸಾರ್" ಅಂದರೆ ನಾವು ಅವನ ಮುಖ ನೋಡಿ "ಇಷ್ಟಕ್ಕೆ ಸಾವಿರ ರೂಪಾಯಾ?" ಅಂತೀವಿ. ಹೊಸ ಕಾರ್ಬೊರೇಟರ್ ಡಬ್ಬ ತೋರಿಸಿದರೆ ತಲೆ ಬಾಗಿಸಿ ಕೊಡ್ತೀವಿ. ನಾವೇ ಸಾಕಿದ ಗಿಣಿ ಇದು.

ಎಥನಾಲ್ ವಾದಿಗಳಿಗೂ ಒಂದು ಮಾತು. ಎಥನಾಲಿಂದ ತೊಂದರೆಯೇ ಇಲ್ಲ ಅಂತ ನಾನು ಹೇಳ್ತಿಲ್ಲ. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಶೇಕಡಾ 20ರ ಮಿಶ್ರಣಕ್ಕೆ ಚಾಲನೆ ಕೊಟ್ಟರು, 2025ರ ಹೊತ್ತಿಗೆ ಅದೇ ಎಲ್ಲ ಕಡೆ ಆಯ್ತು. ಹಳೇ ರಬ್ಬರ್ ಅದಕ್ಕೆ ತಡೆಯಲ್ಲ. ಹಳೇ ಕಾರ್ಕಿನ ಫ್ಲೋಟಿಗೆ ಅರಗಿನ ಲೇಪ ಇದ್ದರೆ ಅದು ಕರಗುತ್ತೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ಎಳೆದುಕೊಳ್ಳುತ್ತೆ. ಎಲ್ಲ ನಿಜ. ಬರೀ ಪೆಟ್ರೋಲಿಗೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕಾದರೆ ಈ ಮಿಶ್ರಣಕ್ಕೆ ಸುಮಾರು 13.5 ಸಾಕು, ಹಾಗಾಗಿ ಹಳೇ ಜೆಟ್ಟಿನಲ್ಲಿ ಇಂಜಿನ್ನಿಗೆ ಸ್ವಲ್ಪ ಹೊಟ್ಟೆಗೆ ಕಡಿಮೆಯಾಗುತ್ತೆ ಅನ್ನೋದೂ ನಿಜ. ಆದರೆ ನಮ್ಮ ಎತ್ತರದಲ್ಲಿ ಗಾಳಿ ತೆಳು. ಸಮುದ್ರ ಮಟ್ಟಕ್ಕೆ ಅಂತ ಮಾಡಿದ ಕಾರ್ಬೊರೇಟರ್ ಇಲ್ಲಿ ಮೊದಲೇ ಸ್ವಲ್ಪ ಜಾಸ್ತಿ ಪೆಟ್ರೋಲು ಕೊಡ್ತಾ ಇರುತ್ತೆ. ಅಂದರೆ ಎರಡು ತಪ್ಪುಗಳು ಒಂದನ್ನೊಂದು ಅಷ್ಟಿಷ್ಟು ಹೊಡೆದುಹಾಕುತ್ತವೆ! ನಿಮ್ಮ ಕಾರಿಗೆ ನಿಜವಾಗಿ ಹಸಿವಾಗಿದೆಯಾ ಅಂತ ನೋಡೋಕೆ ಚೋಕ್ ಸ್ವಲ್ಪ ಮುಚ್ಚಿ ಓಡಿಸಿ. ಗುಕ್ಕು ಕಡಿಮೆಯಾದರೆ ನಿಮ್ಮ ಎಥನಾಲ್ ವಾದ ಕೇಳೋಣ. ನೋಡದೆ ಬೈದರೆ ಅದು ಮೂಢನಂಬಿಕೆ ಅಷ್ಟೇ. ಮೊದಲು ದೃಷ್ಟಿ ತಾಗಿದೆ ಅಂತಿದ್ದರು, ಈಗ ಎಥನಾಲ್ ಅಂತಾರೆ.

ಇನ್ನು ಡೀಸೆಲ್ ಇಂಜಿನ್ ಕೂರಿಸುವ ಮಹಾನುಭಾವರು. 1973ರಲ್ಲಿ ಪೆಟ್ರೋಲು ಬೆಲೆ ಏರಿದಾಗ ಹೊಟ್ಟೆಪಾಡಿಗೆ ಅಂತ ಎಷ್ಟೋ ಡಾಜ್, ಪ್ಲಿಮತ್, ಇಂಪಾಲಾ ಕಾರುಗಳಿಗೆ ಪರ್ಕಿನ್ಸ್ ಇನ್ನೊಂದು ಅಂತ ಡೀಸೆಲ್ ಇಂಜಿನ್ ಹಾಕಿಸಿದರು. ಟ್ಯಾಕ್ಸಿ ಓಡಿಸಿ ಮಕ್ಕಳನ್ನು ಸಾಕಿದವರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇವತ್ತು ತಿಂಗಳಿಗೆ ಎರಡು ಸಲ ಓಡಿಸುವ ಕಾರಿಗೆ ಮೈಲೇಜಿನ ಮಾತೇಕೆ? ಅಷ್ಟೇ ಅಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂತು. 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ಅಂತ ನೋಂದಣಿ ಸಿಗುತ್ತೆ, ಹಳೇ ನಂಬರನ್ನೂ ಉಳಿಸಿಕೊಳ್ಳಬಹುದು. ಆದರೆ ಷರತ್ತು ಏನು? ಚಾಸಿ, ಬಾಡಿ, ಇಂಜಿನ್ನಿನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ನಾವು ಆ ದಿನ ಹೂಂ ಅಂದಿದ್ದರೆ ನಾಲ್ಕು ಬೆರಳುದ್ದದ ವೈರಿಗಾಗಿ 1952ರಿಂದ ಉಳಿದುಬಂದ ಇಂಜಿನ್ ಗುಜರಿಗೆ ಹೋಗುತ್ತಿತ್ತು, ದೊಡ್ಡಪ್ಪನ ಕಾಲದ ಎಂವೈ ನಂಬರಿನ ಕಾರು ಕಾನೂನಿನ ಕಣ್ಣಲ್ಲೂ ಸತ್ತುಹೋಗುತ್ತಿತ್ತು. ಹಳೇ ಕಾರ್ಬೊರೇಟರ್ ಆಗಲೇ ಗ್ಯಾರೇಜಿನ ಗುಜರಿ ಚೀಲದಲ್ಲಿತ್ತು. ನಾನು ಕೇಳಿ ತೆಗೆಸಿಕೊಂಡು ಬಂದಿದ್ದಕ್ಕೆ ಉಳೀತು. ಈಗ ಕಾರಿನ ಮೇಲೆ ಕೂತಿರೋದು ಅದೇ. 45,000ದ ಹೊಸದು ಅಟ್ಟದ ಮೇಲೆ ಡಬ್ಬದಲ್ಲಿದೆ :-(

ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ, ಸಾಬ್ರಿಂದ ನಾನು ಕಲಿತ ಕ್ರಮ ಇಲ್ಲಿದೆ:

1. ಮೊದಲು ಪ್ರಶ್ನೆ. ಗುಕ್ಕು ತಣ್ಣಗಿದ್ದಾಗಲಾ ಬಿಸಿಯಾದ ಮೇಲಾ? ಮೆತ್ತಗೆ ಒತ್ತಿದಾಗಲಾ ಪೂರ್ತಿ ತುಳಿದಾಗಲಾ? ಏರಿನಲ್ಲಾ ಬಯಲಲ್ಲಾ? ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

2. ಕರೆಂಟಿನ ಕಡೆ ಮೊದಲು ನೋಡಿ. ಪ್ಲಗ್ಗು, ಪಾಯಿಂಟು, ಕಂಡೆನ್ಸರ್, ಕ್ಯಾಪಿನ ಬಿರುಕು, ಟೈಮಿಂಗು. ನಮ್ಮ ಇಂಜಿನ್ನಿಗೆ ಪಾಯಿಂಟ್ ಗ್ಯಾಪ್ ಅರ್ಧ ಮಿಲಿಮೀಟರ್.

3. ಡಿಸ್ಟ್ರಿಬ್ಯೂಟರಿನ ಪೈಪು ಹೀರಿ ನೋಡಿ. ಎಳೆತ ನಿಲ್ಲದೆ ಗಾಳಿ ಬಾಯಿಗೆ ಬರ್ತಾನೇ ಇದ್ದರೆ ಒಳಗಿನ ಪೊರೆ ಹರಿದಿದೆ. ಎಳೆತ ನಿಂತು ಇಂಜಿನ್ ಕೆಮ್ಮಿದರೆ ವೈರು ನೋಡಿ.

4. ಇಂಜಿನ್ ಆಫ್ ಮಾಡಿ ಕಾರ್ಬೊರೇಟರಿನೊಳಗೆ ಇಣುಕಿ, ಚಿಮ್ಮು ಬರುತ್ತಾ ನೋಡಿ. ಬರದಿದ್ದರೆ ಚರ್ಮದ ವಾಷರ್, ಅದರ ಕೆಳಗಿನ ಗುಂಡು, ಚಿಮ್ಮುವ ತೂತು.

5. ಗಾಳಿ ಸೋರಿಕೆ. ಗೇಜ್ ಇದ್ದರೆ ನಿಮ್ಮ ಊರಿನ ಎತ್ತರ ಕಳೆಯೋದು ಮರೀಬೇಡಿ!

6. ಪೆಟ್ರೋಲ್ ಪಂಪು, ಫಿಲ್ಟರು, ಟ್ಯಾಂಕ್ ಮುಚ್ಚಳದ ಗಾಳಿ ತೂತು, ಫ್ಲೋಟಿನ ಮಟ್ಟ.

7. ಇಷ್ಟೆಲ್ಲ ಆದ ಮೇಲೆ ಕಾರ್ಬೊರೇಟರಿಗೆ ಸ್ಪ್ಯಾನರ್ ಹಾಕಿ. ಒಂದು ಸಲಕ್ಕೆ ಒಂದೇ ಒಂದು ಬದಲಾವಣೆ. ಮೂರು ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯ್ತು ಅಂತ ದೇವರಿಗೂ ಗೊತ್ತಾಗಲ್ಲ.

"ಇದೆಲ್ಲ ದುಡ್ಡಿದ್ದವರ ಹುಚ್ಚು ಮಾರಾಯಾ, ನಮಗೇನು?" ಅಂತ ಕೆಲವರು ಕೇಳಬಹುದು. ನಿಮಗೂ ಇದೆ. ನೆನಪು ಮಾಡಿಕೊಳ್ಳಿ, ನಾವೆಲ್ಲ ಕನ್ನಡದಲ್ಲಿ ಬ್ಲಾಗಿಸೋಕೆ ಶುರು ಮಾಡಿದ ಹೊಸತರಲ್ಲಿ ವಿಂಡೋಸ್ ಎಕ್ಸ್‌ಪಿಯಲ್ಲಿ ಅಕ್ಷರಗಳ ಬದಲು ಚೌಕ ಚೌಕ ಡಬ್ಬಿಗಳು ಕಾಣ್ತಿದ್ದವು, ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿ ಆಗ್ತಿದ್ದವು. ಅಂಗಡಿಯವನು ಏನು ಹೇಳ್ತಿದ್ದ? "ಫಾರ್ಮ್ಯಾಟ್ ಮಾಡಬೇಕು ಸಾರ್." ಫಾರ್ಮ್ಯಾಟ್ ಮಾಡಿಸಿದರೂ ಡಬ್ಬಿ ಹೋಗುತ್ತಿರಲಿಲ್ಲ. ಬೇಕಿದ್ದದ್ದು ಭಾಷೆಯ ಸೆಟ್ಟಿಂಗಿನಲ್ಲಿ ಒಂದೇ ಒಂದು ಟಿಕ್ ಮಾರ್ಕು! ಅದನ್ನು ಹುಡುಕಿ ಹೇಳಿಕೊಟ್ಟವರಿಗೆ ನಾವು ಒಂದು ಥ್ಯಾಂಕ್ಸ್ ಬಿಟ್ಟು ಇನ್ನೇನೂ ಕೊಡಲಿಲ್ಲ, ಫಾರ್ಮ್ಯಾಟ್ ಮಾಡಿದವನಿಗೆ ಮಾತ್ರ ದುಡ್ಡು ಕೊಟ್ಟೆವು. ಮನೆಯ ಮಿಕ್ಸಿ, ಹೊಲದ ಮೋಟಾರು ಎಲ್ಲ ಕಡೆಯೂ ಇದೇ ಕಥೆ.

ಧರ್ಮಸ್ಥಳದ ಮಂಜೂಷಾದಲ್ಲಿ ಸಾಲಾಗಿ ನಿಲ್ಲಿಸಿರುವ ಹಳೇ ಕಾರುಗಳನ್ನು ನೋಡಿ ನಾವು ಫೋಟೋ ಹೊಡೆಸಿಕೊಳ್ತೀವಿ, "ಎಂಥಾ ಕಾಲ" ಅಂತ ನಿಟ್ಟುಸಿರು ಬಿಡ್ತೀವಿ. ಒಳ್ಳೇದೇ. ಆದರೆ ತಗಡನ್ನು ಕಾಪಾಡಿದರೆ ಸಾಲದು. ಬೆಂಚಿನ ಮೇಲೆ ಕೂತು "ಬೆಟ್ಟ ಹತ್ತುತ್ತಾ?" ಅಂತ ಕೇಳುವ ತಲೆಯೊಂದು ಊರಲ್ಲಿ ಉಳೀಬೇಕು. ಅದನ್ನು ಮ್ಯೂಸಿಯಮ್ಮಿನಲ್ಲಿ ಇಡೋಕೆ ಆಗಲ್ಲ. ಅದಕ್ಕೆ ಸಂಬಳ ಕೊಡಬೇಕು.

ನಾನು ಮಾಡಿಕೊಂಡ ನಿಯಮ ಇಷ್ಟು. ಇನ್ನು ಮೇಲೆ ಯಾವ ಗ್ಯಾರೇಜಿಗೆ ಹೋದರೂ ಮೊದಲೇ ಹೇಳಿಬಿಡ್ತೀನಿ: "ಹುಡುಕಿದ್ದಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೊಡ್ತೀನಿ, ಏನೂ ಬದಲಾಯಿಸದಿದ್ದರೂ ಕೊಡ್ತೀನಿ. ಕಾರಣ ಹೇಳದೆ ಬದಲಾಯಿಸಿದ್ದಕ್ಕೆ ಕೊಡಲ್ಲ." ಹೀಗಂದಾಗ ಒಬ್ಬ ಹುಡುಗ ನನ್ನನ್ನು ಹುಚ್ಚನ ಹಾಗೆ ನೋಡಿದ. ಇನ್ನೊಬ್ಬ ಮಾತ್ರ ಸ್ಪ್ಯಾನರ್ ಕೆಳಗಿಟ್ಟು, "ಹಂಗಾದ್ರೆ ಒಂದು ರೌಂಡ್ ಓಡಿಸಿಕೊಂಡು ಬರೋಣ ಬನ್ನಿ ಸಾರ್" ಅಂದ. ಆ ಎರಡನೆಯವನನ್ನು ಒಂದು ಸಲ ಸಾಬ್ರ ಹತ್ತಿರ ಕರ್ಕೊಂಡು ಹೋಗಬೇಕು ಅಂತಿದ್ದೀನಿ.

ಅಂದ ಹಾಗೆ ಅಣ್ಣ ಈಗ ಡೀಸೆಲ್ ಮಾತು ಎತ್ತಲ್ಲ. ಮುಂದಿನ ತಿಂಗಳು ಅವನ ಮಗಳ ಮದುವೆ. ದಿಬ್ಬಣ ಯಾವ ಕಾರಲ್ಲಿ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ? ದೊಡ್ಡಮ್ಮ ಈಗಲೇ ಸೀಟಿಗೆ ಹೊಸ ಬಟ್ಟೆ ಹೊಲಿಸ್ತಾ ಇದ್ದಾರೆ. ಸಾಬ್ರಿಗೆ ಮುಂದಿನ ಸೀಟು ಅಂತ ತೀರ್ಮಾನ ಆಗಿದೆ.

ನಿಮ್ಮ ಮನೆಯಲ್ಲೂ ಹೀಗೆ ಸುಮ್ಮನೆ ಗಲ್ಲಿಗೇರಿದ ಬಡಪಾಯಿಗಳು ಇದ್ದರೆ ಬರೀರಿ. ನಾನು ಓದ್ತೀನಿ, ಕೈಯಲ್ಲಿ ಗ್ರೀಸ್ ಇದ್ದರೂ ಸರಿ :-)